ಅಧ್ಯಕ್ಷರ ದಿನಚರಿಯೂ ಅದನ್ನು ಬರೆದ ಗುಮಾಸ್ತರೂ

1970ನೇ ಇಸವಿಯ ಮೇ 9, ಶನಿವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಬೆಳಗಿನ ಜಾವ ಸುಮಾರು ನಾಲ್ಕೂವರೆಗೆ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಸೇವಕ ಮನೋಲೋ ಸಾಂಚೆಜ್‌ನನ್ನು ಜೊತೆಗೆ ಕರೆದುಕೊಂಡು ಶ್ವೇತಭವನದಿಂದ ಲಿಂಕನ್ ಸ್ಮಾರಕದ ಕಡೆಗೆ ಹೊರಟರು. ಐದು ದಿನಗಳ ಹಿಂದಷ್ಟೇ ಒಹಾಯೋ ರಾಜ್ಯದ ಕೆಂಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾಗಿದ್ದರು. ಕಾಂಬೋಡಿಯಾದೊಳಗೆ ಸೈನ್ಯ ನುಗ್ಗಿಸಿದ್ದನ್ನು ವಿರೋಧಿಸಿ ದೇಶದ ನಾನಾ ಕಡೆಗಳಿಂದ ಯುವಜನರು ರಾಜಧಾನಿಗೆ ಬಂದು ಸೇರಿದ್ದರು. ಹಿಂದಿನ ರಾತ್ರಿ ಪತ್ರಿಕಾಗೋಷ್ಠಿ ಮುಗಿಸಿದ ಅಧ್ಯಕ್ಷರಿಗೆ ನಿದ್ದೆ ಹತ್ತಲಿಲ್ಲ. ಅಪರಾತ್ರಿಯವರೆಗೂ ಒಬ್ಬರಾದ ಮೇಲೊಬ್ಬರಿಗೆ ದೂರವಾಣಿ ಕರೆ ಮಾಡುತ್ತಲೇ ಇದ್ದರು. ಕೊನೆಗೆ ಎದ್ದು, ಸ್ಮಾರಕದ ಮೆಟ್ಟಿಲುಗಳ ಬಳಿ ಇದ್ದ ವಿದ್ಯಾರ್ಥಿಗಳ ನಡುವೆ ಹೋಗಿ ನಿಂತರು.

ಅಲ್ಲಿ ಏನು ಮಾತಾಯಿತು ಎಂಬುದಕ್ಕೆ ಎರಡು ಕಥೆಗಳಿವೆ. ಯುದ್ಧ, ಶಾಂತಿ, ಬದುಕಿನ ದೊಡ್ಡ ವಿಷಯಗಳ ಬಗ್ಗೆ ಮಾತಾಡಿದೆ ಎಂದು ನಿಕ್ಸನ್ ಕೆಲವು ದಿನಗಳ ನಂತರ ತಾವೇ ಹೇಳಿ ಬರೆಸಿದ ಟಿಪ್ಪಣಿಯಲ್ಲಿದೆ. ನಾವು ಯುದ್ಧದ ಬಗ್ಗೆ ಕೇಳಿದರೆ ಅವರು ಕಾಲೇಜಿನ ಫುಟ್‌ಬಾಲ್ ಬಗ್ಗೆ ಮಾತಾಡಿದರು ಎಂದು ವಿದ್ಯಾರ್ಥಿಗಳು ಪತ್ರಕರ್ತರಿಗೆ ಹೇಳಿದರು. ಈ ಎರಡರ ಜೊತೆಗೆ ಮೂರನೆಯ ಬರಹವೊಂದಿದೆ. ಅದು ಯಾರ ಪರವಾಗಿಯೂ ಮಾತಾಡುವುದಿಲ್ಲ. ಎಷ್ಟು ಗಂಟೆಗೆ ಯಾರಿಗೆ ಕರೆ ಹೋಯಿತು, ಎಷ್ಟು ಹೊತ್ತಿಗೆ ಕಾರು ಹೊರಟಿತು, ಸ್ಮಾರಕದಿಂದ ಸಂಸತ್ ಭವನಕ್ಕೆ, ಅಲ್ಲಿಂದ ಮೇಫ್ಲವರ್ ಹೋಟೆಲಿಗೆ ಉಪಾಹಾರಕ್ಕೆ ಹೋದದ್ದು ಯಾವಾಗ ಎಂಬುದನ್ನಷ್ಟೇ ಅದು ಹೇಳುತ್ತದೆ. ಆ ಬರಹದ ಹೆಸರು ‘ಅಧ್ಯಕ್ಷರ ದಿನಚರಿ’.

ದಿನಚರಿ ಎಂದೊಡನೆ ಅಧ್ಯಕ್ಷರು ರಾತ್ರಿ ಮಲಗುವ ಮುನ್ನ ತಮ್ಮ ಕೈಯಾರೆ ಬರೆದುಕೊಂಡ ಪುಸ್ತಕವೆಂದು ಓದುಗರು ತಿಳಿಯಬಾರದು. ಇದು ಕಚೇರಿಯ ಕಡತ. ಇದನ್ನು ಬರೆಯುವವರು ಬೇರೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲದಲ್ಲಿ ಶ್ವೇತಭವನದ ದ್ವಾರಪಾಲಕ ಸಿಬ್ಬಂದಿ ಇಡುತ್ತಿದ್ದ ಲೆಕ್ಕ ಇಂದಿಗೂ ಉಳಿದಿದೆ. ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ ಅವರ ಕಾರ್ಯದರ್ಶಿಗಳೇ ದಿನಚರಿ ಬರೆಯುತ್ತಿದ್ದರು. ನಿಕ್ಸನ್ ಕಾಲಕ್ಕೆ ಈ ಕೆಲಸ ರಾಷ್ಟ್ರೀಯ ಪತ್ರಾಗಾರದ ನೌಕರರ ಕೈಗೆ ಬಂತು. ಪಹರೆಯವರ ಟಿಪ್ಪಣಿ, ದೂರವಾಣಿ ನಿರ್ವಾಹಕರ ಚೀಟಿ, ದ್ವಾರಪಾಲಕರ ಪುಸ್ತಕ, ಆಪ್ತ ಕಾರ್ಯದರ್ಶಿಯ ಭೇಟಿಪಟ್ಟಿ, ಇವೆಲ್ಲವನ್ನೂ ತಂದು ಒಂದಕ್ಕೊಂದು ತಾಳೆ ಹಾಕಿ, ನಿಮಿಷ ನಿಮಿಷದ ಲೆಕ್ಕವನ್ನು ಅಚ್ಚುಕಟ್ಟಾಗಿ ಟೈಪ್ ಮಾಡಿ ಇಡುತ್ತಿದ್ದರು.

ಆ ಕಾಗದದ ನಮೂನೆಯೇ ನೋಡುವಂತಿದೆ. ಮೇಲುಗಡೆ ದಿನ ಆರಂಭವಾದ ಊರು, ತಾರೀಖು, ವಾರ. ಎಡಗಡೆ ಎರಡು ಅಂಕಣಗಳಲ್ಲಿ ಒಳಬಂದ ಸಮಯ, ಹೊರಹೋದ ಸಮಯ. ಪಕ್ಕದಲ್ಲಿ ದೂರವಾಣಿಯ ಅಂಕಣ. ಕರೆ ಮಾಡಿದ್ದೋ ಬಂದದ್ದೋ ಎಂಬುದಕ್ಕೆ ಒಂದೊಂದು ಅಕ್ಷರದ ಗುರುತು. ಉಳಿದ ಜಾಗದಲ್ಲಿ ಒಂದೋ ಎರಡೋ ಸಾಲಿನ ವಿವರ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. 1969ರ ಜುಲೈ 20ರ ರಾತ್ರಿ ಚಂದ್ರನ ಮೇಲೆ ನಿಂತಿದ್ದ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಅವರೊಡನೆ ಅಧ್ಯಕ್ಷರು ಮಾತಾಡಿದ್ದನ್ನೂ ಗುಮಾಸ್ತರು ಅದೇ ಅಂಕಣದಲ್ಲಿ, ಗ್ರಹಾಂತರ ಸಂಭಾಷಣೆ ಎಂದು ಬರೆದು ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದಾರೆ! 1970ರ ಡಿಸೆಂಬರ್ 21ರಂದು ಗಾಯಕ ಎಲ್ವಿಸ್ ಪ್ರೀಸ್ಲಿ ಬಂದು ಹೋದದ್ದೂ ಅಷ್ಟೇ, ಹತ್ತರೊಡನೆ ಹನ್ನೊಂದನೆಯ ಭೇಟಿ.

ಇಂಥ ಪುಟಗಳನ್ನು ಓದುವಾಗ ನನಗೆ ಅಕ್ಬರ್ ಬಾದಶಹನ ದರ್ಬಾರು ನೆನಪಾಗುತ್ತದೆ. ರಾಜ್ಯವಾಳುವವನ ದಿನವನ್ನು ಬರೆದಿಡುವ ಪದ್ಧತಿ ಅಮೆರಿಕದವರು ಕಂಡುಹಿಡಿದದ್ದೇನಲ್ಲ. ದರ್ಬಾರಿನಲ್ಲಿ ‘ವಾಕಿಆ ನವೀಸ್’ ಎಂಬ ಬರಹಗಾರರಿದ್ದರೆಂದೂ, ಅವರು ಒಟ್ಟು 14 ಮಂದಿಯೆಂದೂ, ದಿನಕ್ಕೆ ಇಬ್ಬರಂತೆ ಸರದಿಯಲ್ಲಿ ಕೆಲಸ ಮಾಡುತ್ತಿದ್ದರೆಂದೂ ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ತಿಳಿಸಿದ್ದಾನೆ. ಬಾದಶಹನ ಆಜ್ಞೆಗಳು, ಇಲಾಖೆಗಳವರು ಅರಿಕೆ ಮಾಡಿಕೊಂಡದ್ದು, ಅವನ ಊಟ ಉಪಚಾರ, ಮಲಗಿದ ವೇಳೆ, ಎದ್ದ ವೇಳೆ ಎಲ್ಲವೂ ಬರಹಕ್ಕೆ ಇಳಿಯುತ್ತಿದ್ದವು. ನಂತರದ ಬಾದಶಹರ ಕಾಲದ ‘ಅಖ್ಬಾರಾತ್’ ಎಂಬ ದರ್ಬಾರಿನ ಸುದ್ದಿಪತ್ರಗಳು ರಾಜಸ್ಥಾನದ ಬಿಕಾನೇರಿನ ಪತ್ರಾಗಾರದಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಜಯಪುರದ ಅರಸರ ವಕೀಲರು ದರ್ಬಾರಿನಲ್ಲಿದ್ದುಕೊಂಡು ಅವುಗಳನ್ನು ತಮ್ಮ ಒಡೆಯರಿಗೆ ಕಳಿಸುತ್ತಿದ್ದುದರಿಂದ ಇಂದು ನಮಗೆ ಸಿಕ್ಕಿವೆ. ನಾವು ಕನ್ನಡದಲ್ಲಿ ದಿನಬೆಳಗಾದರೆ ಬಳಸುವ ದಾಖಲೆ, ದಫ್ತರ, ಹಾಜರಿ ಎಂಬ ಮಾತುಗಳೂ ಈ ಫಾರಸಿ ಆಡಳಿತದ ಬಳುವಳಿಯೇ ಆಗಿವೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆದರೆ ಒಂದು ವ್ಯತ್ಯಾಸವುಂಟು. ಅಕ್ಬರನ ಗುಮಾಸ್ತರು ಬರೆದದ್ದನ್ನು ಮೊದಲು ತಿದ್ದಿ, ಬಾದಶಹನ ಮುಂದಿಟ್ಟು, ಅವನ ಒಪ್ಪಿಗೆ ಪಡೆಯಬೇಕಿತ್ತು. ಒಪ್ಪಿದ್ದು ಉಳಿಯುತ್ತಿತ್ತು. ಒಪ್ಪದ್ದು ಏನಾಯಿತೆಂದು ಕೇಳುವವರು ಯಾರು? ಶ್ವೇತಭವನದ ಗುಮಾಸ್ತರ ಬರಹಕ್ಕೆ ಅಂಥ ಮೊಹರು ಬೇಕಿರಲಿಲ್ಲ. ಈ ಸಣ್ಣ ವ್ಯತ್ಯಾಸದ ಬೆಲೆ ತಿಳಿದದ್ದು ವಾಟರ್‌ಗೇಟ್ ಪ್ರಕರಣದಲ್ಲಿ.

1972ರ ಜೂನ್ 17ರಂದು ಎದುರಾಳಿ ಪಕ್ಷದ ಕಚೇರಿಗೆ ನುಗ್ಗಿದ ಐವರು ಸಿಕ್ಕಿಬಿದ್ದ ಕಥೆ ಬಹುಮಂದಿಗೆ ಗೊತ್ತು. ತನಿಖೆ ನಡೆಯುತ್ತಿರುವಾಗ, 1973ರ ಜುಲೈ 16ರಂದು, ಅಧ್ಯಕ್ಷರ ಕೊಠಡಿಗಳಲ್ಲಿ ಮಾತುಗಳೆಲ್ಲ ಗುಟ್ಟಾಗಿ ಧ್ವನಿಮುದ್ರಣವಾಗುತ್ತಿವೆ ಎಂಬುದನ್ನು ಅಲೆಕ್ಸಾಂಡರ್ ಬಟರ್‌ಫೀಲ್ಡ್ ಎಂಬ ಮಾಜಿ ಸಹಾಯಕರು ಸೆನೆಟ್ ಸಮಿತಿಯ ಮುಂದೆ ಹೇಳಿದರು. 1971ರ ಫೆಬ್ರವರಿಯಿಂದ 1973ರ ಜುಲೈವರೆಗೆ ಸುಮಾರು 3,700 ಗಂಟೆಗಳ ಧ್ವನಿಸುರುಳಿಗಳಿದ್ದವು. ಇಷ್ಟು ದೊಡ್ಡ ರಾಶಿಯಲ್ಲಿ ಯಾವುದನ್ನು ಕೇಳುವುದು? ಎಲ್ಲವನ್ನೂ ಕೊಡಿ ಎಂದರೆ ನ್ಯಾಯಾಲಯ ಒಪ್ಪುವುದಿಲ್ಲ. ಇಂಥ ದಿನ, ಇಂಥ ಹೊತ್ತು, ಇಂಥವರೊಡನೆ ಆಡಿದ ಮಾತು ಬೇಕು ಎಂದು ಗುರುತಿಸಿ ಕೇಳಬೇಕು. 1974ರ ಏಪ್ರಿಲ್ 18ರಂದು ವಿಶೇಷ ಅಭಿಯೋಜಕರ ಕೋರಿಕೆಯಂತೆ ಹೊರಟ ಆದೇಶದಲ್ಲಿ 64 ಸಂಭಾಷಣೆಗಳನ್ನು ಹೀಗೆಯೇ ಗುರುತಿಸಲಾಗಿತ್ತು. ಶ್ವೇತಭವನದ ದೈನಂದಿನ ದಾಖಲೆಗಳೂ ಭೇಟಿಪಟ್ಟಿಗಳೂ ಅವರ ಕೈಸೇರಿದ್ದರಿಂದಲೇ ಸಮಯ, ಸ್ಥಳ, ಹಾಜರಿದ್ದವರನ್ನು ಗೊತ್ತುಮಾಡಲು ಸಾಧ್ಯವಾಯಿತೆಂದು ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. 1974ರ ಜುಲೈ 24ರ ಆ ತೀರ್ಪಿಗೆ ಎಂಟು ನ್ಯಾಯಮೂರ್ತಿಗಳೂ ಒಮ್ಮತದಿಂದ ಸಹಿ ಹಾಕಿದರು. ಬರೆದವರು ನಿಕ್ಸನ್ ಅವರೇ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್. ಆಗಸ್ಟ್ 5ರಂದು ಒಂದು ಸುರುಳಿಯ ಮಾತುಗಳು ಹೊರಬಂದವು. ಆಗಸ್ಟ್ 9ರಂದು ನಿಕ್ಸನ್ ಅಧಿಕಾರ ಬಿಟ್ಟರು. ಬಾಗಿಲ ಬಳಿ ಗಡಿಯಾರ ನೋಡಿ ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಎಂದು ಗೀಚಿಟ್ಟವರ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ಹುಡುಕಿದರೂ ಸಿಗದು.

1972ರ ಜೂನ್ 20ರ ಸುರುಳಿಯಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿರುವುದು ಇನ್ನೊಂದು ವಿಷಯ. ಅಳಿಸಿದವರು ಯಾರೆಂದು ಸಾಬೀತಾಗಲಿಲ್ಲ. ಆದರೂ ಆ ಬೆಳಿಗ್ಗೆ ನಿಕ್ಸನ್ ತಮ್ಮ ಸಿಬ್ಬಂದಿಯ ಮುಖ್ಯಸ್ಥ ಹಾಲ್ಡ್‌ಮನ್ ಅವರೊಡನೆ ಕುಳಿತಿದ್ದರು ಎಂಬುದನ್ನು ಅಳಿಸಲಾಗಲಿಲ್ಲ, ಏಕೆಂದರೆ ಅದು ದಿನಚರಿಯಲ್ಲಿತ್ತು. ಮಾತು ವಾಟರ್‌ಗೇಟ್ ಬಗ್ಗೆಯೇ ಆಗಿತ್ತೆಂದು ಹಾಲ್ಡ್‌ಮನ್ ಅವರ ಕೈಬರಹದ ಟಿಪ್ಪಣಿ ತೋರಿಸಿತು.

ಹಾಗೆಂದು ದಿನಚರಿಯನ್ನು ಎಲ್ಲವನ್ನೂ ಬಲ್ಲ ದಾಖಲೆಯೆಂದು ತಿಳಿಯುವುದೂ ತಪ್ಪು. ನಮ್ಮ ದೇಶಕ್ಕೇ ಸಂಬಂಧಿಸಿದ ಒಂದು ಉದಾಹರಣೆ ನೋಡಿ. 1971ರ ನವೆಂಬರ್ 4ರಂದು ಪ್ರಧಾನಿ ಇಂದಿರಾ ಗಾಂಧಿಯವರು ವಾಷಿಂಗ್ಟನ್‌ಗೆ ಹೋದಾಗ ಸ್ವಾಗತ, ಮಾತುಕತೆ, ರಾತ್ರಿ ಔತಣ ಎಲ್ಲವೂ ನಡೆದವು. ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ನಮ್ಮ ಗಡಿ ದಾಟಿ ಬರುತ್ತಿದ್ದ ದಿನಗಳವು. ದಿನಚರಿಯಂಥ ಕಾಗದದಿಂದ ಇಬ್ಬರು ನಾಯಕರು ಕುಳಿತು ಮಾತಾಡಿದ ವೇಳೆಯಷ್ಟೇ ತಿಳಿಯುತ್ತದೆ. ಮರುದಿನ ಬೆಳಿಗ್ಗೆ ನಿಕ್ಸನ್ ಮತ್ತು ಕಿಸಿಂಜರ್ ಆಕೆಯ ಬಗ್ಗೆಯೂ ಭಾರತೀಯರ ಬಗ್ಗೆಯೂ ಆಡಿದ ಕೀಳು ಮಾತುಗಳು ಗೊತ್ತಾದದ್ದು ಧ್ವನಿಸುರುಳಿಯ ಬರಹ 2005ರಲ್ಲಿ ಹೊರಬಂದಾಗ. ಕಿಸಿಂಜರ್ ಆಮೇಲೆ ವಿಷಾದ ವ್ಯಕ್ತಪಡಿಸಿದರು, 34 ವರ್ಷಗಳ ನಂತರ. ಗಡಿಯಾರದ ಲೆಕ್ಕ ಮನಸ್ಸಿನ ಲೆಕ್ಕವಲ್ಲ. ಇತಿಹಾಸ ಓದುವವರಿಗೆ ಎರಡೂ ಬೇಕು, ಆದರೆ ಮೊದಲನೆಯದಿಲ್ಲದೆ ಎರಡನೆಯದನ್ನು ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಅಲ್ಲಿಯವರೆಗೆ ಅಧ್ಯಕ್ಷರ ಕಾಗದಪತ್ರಗಳೆಲ್ಲ ಅವರ ಸ್ವಂತ ಆಸ್ತಿ ಎಂಬ ರೂಢಿಯಿತ್ತು. ಮನೆಗೆ ಒಯ್ಯಬಹುದಿತ್ತು, ಸುಡಲೂಬಹುದಿತ್ತು. ನಿಕ್ಸನ್ ಕಾಗದಗಳನ್ನು ಉಳಿಸಲು 1974ರಲ್ಲೇ ಒಂದು ಕಾಯಿದೆ ಬಂತು. 1978ರಲ್ಲಿ ಇನ್ನೊಂದು ಕಾಯಿದೆಯಾಗಿ, 1981ರ ಜನವರಿ 20ರಿಂದ ಅಧ್ಯಕ್ಷರ ಅಧಿಕೃತ ದಾಖಲೆಗಳೆಲ್ಲ ದೇಶದ ಸ್ವತ್ತಾದವು. ಸಾರ್ವಜನಿಕ ಸಂಸ್ಥೆಗಳನ್ನು ನಡೆಸುವ ನಮ್ಮಂಥವರೂ ಇದನ್ನು ಯೋಚಿಸಬಹುದು. ಪದಾಧಿಕಾರಿಗಳು ಬದಲಾದಾಗ ಹಳೆಯ ನಡಾವಳಿ ಪುಸ್ತಕ ಯಾರ ಮನೆಯ ಅಟ್ಟದ ಮೇಲಿದೆ ಎಂದು ಹುಡುಕುವ ಅನುಭವ ಎಷ್ಟು ಜನರಿಗೆ ಆಗಿಲ್ಲ!

ಕಾಯಿದೆ ಇದ್ದರೂ ಪುಟ ಖಾಲಿ ಉಳಿಯಬಹುದು. 2021ರ ಜನವರಿ 6ರಂದು ಡೊನಾಲ್ಡ್ ಟ್ರಂಪ್ ಅವರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು. ಅದರ ತನಿಖೆಗೆ ನೇಮಕವಾದ ಸಮಿತಿ ಶ್ವೇತಭವನದ ದಾಖಲೆಗಳನ್ನು ಕೇಳಿತು. ಟ್ರಂಪ್ ಆಕ್ಷೇಪಿಸಿದರು. 2022ರ ಜನವರಿ 19ರಂದು ಸುಪ್ರೀಂ ಕೋರ್ಟ್ ಅವರ ಕೋರಿಕೆಯನ್ನು ತಳ್ಳಿಹಾಕಿದ ಮೇಲೆ ಪತ್ರಾಗಾರವು ಕಾಗದಗಳನ್ನು ಸಮಿತಿಗೆ ಕೊಟ್ಟಿತು. ತೆರೆದು ನೋಡಿದರೆ ಆ ದಿನದ ದೂರವಾಣಿ ದಾಖಲೆಯಲ್ಲಿ ಬೆಳಿಗ್ಗೆ 11 ಗಂಟೆ 17 ನಿಮಿಷದಿಂದ ಸಂಜೆ 6 ಗಂಟೆ 54 ನಿಮಿಷದವರೆಗೆ, ಅಂದರೆ 7 ಗಂಟೆ 37 ನಿಮಿಷಗಳ ಕಾಲ, ಒಂದು ಕರೆಯೂ ಇರಲಿಲ್ಲ. ಆ ಹೊತ್ತಿನಲ್ಲಿ ಅಧ್ಯಕ್ಷರೊಡನೆ ಫೋನಿನಲ್ಲಿ ಮಾತಾಡಿದ್ದೇವೆ ಎಂದು ಹೇಳಿದವರು ಮಾತ್ರ ಇದ್ದರು. ಅಂದು ಮಧ್ಯಾಹ್ನ ಫೋಟೋ ತೆಗೆಯಲೂ ಛಾಯಾಗ್ರಾಹಕರಿಗೆ ಅವಕಾಶ ಸಿಗಲಿಲ್ಲವೆಂದು ಸಮಿತಿ ತಿಳಿಸಿತು.

ಬರಹವಿಲ್ಲದ ಆ ಗಂಟೆಗಳನ್ನು ತುಂಬಲು ಸಮಿತಿಯವರು ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ಕರೆಸಿ ಕೇಳಬೇಕಾಯಿತು. ಅಧ್ಯಕ್ಷರು ತಮ್ಮ ಕಚೇರಿಗೆ ಹೊಂದಿದ ಊಟದ ಕೋಣೆಯಲ್ಲಿ ಕುಳಿತು ಟಿವಿ ನೋಡುತ್ತಿದ್ದರೆಂದು ಆ ಸಾಕ್ಷಿಗಳಿಂದ ತಿಳಿಯಿತು. ದಿನಚರಿಯ ಪುಟದಲ್ಲಿ ಮಾತ್ರ ಮಧ್ಯಾಹ್ನ 1 ಗಂಟೆ 21 ನಿಮಿಷದ ಸಾಲಿನ ಕೆಳಗೆ ಇರುವುದು 4 ಗಂಟೆ 3 ನಿಮಿಷದ ಸಾಲು.