ಕಸ ವಿಂಗಡಣೆಯ ಹಿಂದಿನ ಭೌತವಿಜ್ಞಾನ

ಒಂದು ಹಿಡಿ ರವೆಗೆ ಒಂದು ಹಿಡಿ ಸಕ್ಕರೆ ಬೆರೆಸಲು ಕ್ಷಣ ಸಾಕು. ಅವನ್ನು ಮತ್ತೆ ಬೇರ್ಪಡಿಸಬೇಕೆಂದರೆ? ಕೈಯಿಂದ ಆರಿಸುವುದು ಆಗದ ಮಾತು. ನೀರಿಗೆ ಹಾಕಿದರೆ ಸಕ್ಕರೆ ಕರಗುತ್ತದೆ, ರವೆ ಉಳಿಯುತ್ತದೆ. ಸೋಸಿ, ನೀರನ್ನು ಇಂಗಿಸಿದರೆ ಸಕ್ಕರೆ ಮರಳಿ ದೊರೆಯುತ್ತದೆ. ಇಲ್ಲಿ ನಾವು ಬಳಸಿದ್ದು ಎರಡರಲ್ಲಿ ಒಂದಕ್ಕೆ ಮಾತ್ರ ಇರುವ ಒಂದು ಗುಣವನ್ನು. ಊರಿನ ಕಸವನ್ನು ವಿಂಗಡಿಸಿ ಕಬ್ಬಿಣ, ಅಲ್ಯೂಮಿನಿಯಂ, ಪ್ಲಾಸ್ಟಿಕ್, ಕಾಗದಗಳನ್ನು ಮರಳಿ ಪಡೆಯುವ ಘಟಕಗಳೂ ಇದೇ ಸೂತ್ರವನ್ನು ಅನುಸರಿಸುತ್ತವೆ. ಅಲ್ಲಿರುವ ಪ್ರತಿಯೊಂದು ಯಂತ್ರವೂ ವಸ್ತುವಿನ ಒಂದೊಂದು ಗುಣವನ್ನು ಹುಡುಕುತ್ತದೆ. ಆ ಗುಣಗಳು ಒಂದೊಂದಾಗಿ ಬಳಕೆಗೆ ಬಂದ ಬಗೆ ಕುತೂಹಲಕಾರಿಯಾಗಿದೆ.

ಕೈಯೇ ಮೊದಲ ಯಂತ್ರ

ನಗರಗಳ ಕಸದಲ್ಲಿ ಚಿಂದಿ, ಮೂಳೆ, ಗಾಜು, ಲೋಹಗಳನ್ನು ಆಯ್ದು ಬದುಕುವವರು ಎಲ್ಲ ದೇಶಗಳಲ್ಲಿಯೂ ಇದ್ದರು. ಈ ಕೆಲಸಕ್ಕೆ ಆಡಳಿತದ ವ್ಯವಸ್ಥೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಪ್ಯಾರಿಸ್ ನಗರವಿದ್ದ ಸೇನ್ ಪ್ರಾಂತ್ಯದ ಆಡಳಿತಾಧಿಕಾರಿ ಯೂಜೀನ್ ಪುಬೆಲ್ 1883ರಲ್ಲಿ ಒಂದು ಆಜ್ಞೆ ಹೊರಡಿಸಿದ. ಅದರಂತೆ ಕೊಳೆಯುವ ಕಸಕ್ಕೆ ಒಂದು, ಕಾಗದ ಮತ್ತು ಚಿಂದಿಗೆ ಇನ್ನೊಂದು, ಗಾಜು, ಪಿಂಗಾಣಿ ಹಾಗೂ ಸಿಂಪಿ ಚಿಪ್ಪುಗಳಿಗೆ ಮತ್ತೊಂದು ಡಬ್ಬಿ ಇಡಬೇಕಾಗಿತ್ತು. ಫ್ರೆಂಚ್ ಭಾಷೆಯಲ್ಲಿ ಕಸದ ಡಬ್ಬಿಗೆ ಇಂದಿಗೂ ಅವನದೇ ಹೆಸರು. ನ್ಯೂಯಾರ್ಕಿನಲ್ಲಿ 1895ರಲ್ಲಿ ಬೀದಿ ಶುಚಿತ್ವದ ಆಯುಕ್ತನಾದ ಜಾರ್ಜ್ ವಾರಿಂಗ್ ಬೂದಿ, ಅಡುಗೆಮನೆಯ ಕಸ, ಒಣಕಸ ಇವನ್ನು ಮನೆಯಲ್ಲೇ ಬೇರೆ ಇಡಿಸಿದ. ಒಣಕಸವನ್ನು ಕೆಲಸಗಾರರು ಕೈಯಿಂದ ಆರಿಸುತ್ತಿದ್ದರು.

ಗಾತ್ರ ಮತ್ತು ತೂಕ

ಕಣದಲ್ಲಿ ರೈತರು ಧಾನ್ಯವನ್ನು ಗಾಳಿಗೆ ತೂರುವುದನ್ನು ನೀವು ನೋಡಿರಬಹುದು. ಹೊಟ್ಟು ದೂರ ಹಾರುತ್ತದೆ, ಕಾಳು ಹತ್ತಿರ ಬೀಳುತ್ತದೆ. ತೂಕಕ್ಕೆ ಹೋಲಿಸಿದರೆ ಹೊಟ್ಟಿನ ಮೇಲ್ಮೈ ಹೆಚ್ಚು. ಆದ್ದರಿಂದ ಗಾಳಿಯ ಎಳೆತ ಅದರ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ. ವಿಂಗಡಣೆ ಘಟಕದಲ್ಲಿ ಗಾಳಿಯ ರಭಸಕ್ಕೆ ಕಾಗದದ ಚೂರು, ಪ್ಲಾಸ್ಟಿಕ್ ಹಾಳೆಗಳು ಹಾರಿ ಬೇರಾಗುವುದೂ ಹೀಗೆಯೇ. ಉದ್ದನೆಯ ತಿರುಗುವ ಉರುಳೆಗೆ ತೂತುಗಳಿದ್ದರೆ ಅದೇ ಜರಡಿ. ಮಣ್ಣು, ಗಾಜಿನ ಚೂರು ಅದರಿಂದ ಕೆಳಗೆ ಉದುರುತ್ತವೆ. ಹಳ್ಳಿಯ ಜರಡಿ ಮತ್ತು ಮೊರಗಳ ತತ್ವವೇ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ.

ಅಯಸ್ಕಾಂತದ ಸರದಿ

ಅದಿರಿನಿಂದ ಕಬ್ಬಿಣದ ಅಂಶವನ್ನು ಅಯಸ್ಕಾಂತದಿಂದ ಬೇರ್ಪಡಿಸುವ ಪ್ರಯತ್ನವನ್ನು ದೊಡ್ಡದಾಗಿ ಮಾಡಿದವರಲ್ಲಿ ಥಾಮಸ್ ಆಲ್ವ ಎಡಿಸನ್ ಪ್ರಮುಖ. 1890ರ ದಶಕದಲ್ಲಿ ನ್ಯೂಜೆರ್ಸಿಯ ಗಣಿಯೊಂದರಲ್ಲಿ ಬಡ ಅದಿರನ್ನು ಪುಡಿಮಾಡಿ, ಆ ಪುಡಿಯನ್ನು ವಿದ್ಯುತ್ಕಾಂತಗಳ ಮುಂದೆ ಬೀಳಿಸಲಾಗುತ್ತಿತ್ತು. ಕಬ್ಬಿಣದ ಕಣಗಳ ಪಥ ಬಾಗುತ್ತಿತ್ತು, ಮರಳು ನೇರವಾಗಿ ಬೀಳುತ್ತಿತ್ತು. ಮಿನ್ನೆಸೋಟದ ಮೆಸಾಬಿ ಪ್ರದೇಶದಿಂದ ಅಗ್ಗದ, ಸಮೃದ್ಧ ಅದಿರು ಬರತೊಡಗಿದಾಗ ಎಡಿಸನ್ನನ ಉದ್ಯಮ ಭಾರಿ ನಷ್ಟದಲ್ಲಿ ಮುಚ್ಚಿತು. ಆದರೆ ತತ್ವ ಸೋಲಲಿಲ್ಲ. ಇಂದು ಕಸದ ಚಲಿಸುವ ಪಟ್ಟಿಯ ಮೇಲೆ ತೂಗಾಡುವ ಅಯಸ್ಕಾಂತ ತವರ ಲೇಪಿಸಿದ ಉಕ್ಕಿನ ಡಬ್ಬಿ, ಮೊಳೆ, ತಂತಿಗಳನ್ನು ಎತ್ತಿಕೊಳ್ಳುತ್ತದೆ.

ಅಯಸ್ಕಾಂತಕ್ಕೆ ಸಿಗದ ಲೋಹಗಳು

ಅಲ್ಯೂಮಿನಿಯಂ ಮತ್ತು ತಾಮ್ರಗಳನ್ನು ಅಯಸ್ಕಾಂತ ಎತ್ತುವುದಿಲ್ಲ. ಅವುಗಳಿಗೆ ಬೇರೆ ಉಪಾಯ ಬೇಕು. 1824ರಲ್ಲಿ ಫ್ರಾನ್ಸಿನ ಅರಾಗೊ ಒಂದು ವಿಚಿತ್ರವನ್ನು ಗಮನಿಸಿದ. ತಾಮ್ರದ ತಟ್ಟೆಯನ್ನು ತಿರುಗಿಸಿದರೆ, ಅದನ್ನು ಮುಟ್ಟದೆ ಮೇಲೆ ತೂಗುತ್ತಿದ್ದ ಕಾಂತಸೂಚಿಯೂ ತಿರುಗುತ್ತಿತ್ತು. ಇದಕ್ಕೆ ವಿವರಣೆ ಸಿಕ್ಕಿದ್ದು 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೇಲೆ. ಬದಲಾಗುವ ಕಾಂತಕ್ಷೇತ್ರದಲ್ಲಿ ವಾಹಕವಿದ್ದರೆ ಅದರೊಳಗೆ ಸುಳಿ ವಿದ್ಯುತ್ಪ್ರವಾಹಗಳು ಹುಟ್ಟುತ್ತವೆ. ತಮ್ಮ ಹುಟ್ಟಿಗೆ ಕಾರಣವಾದ ಬದಲಾವಣೆಯನ್ನು ಅವು ವಿರೋಧಿಸುತ್ತವೆ ಎಂದು 1834ರಲ್ಲಿ ಲೆನ್ಸ್ ತಿಳಿಸಿದ.

ಘಟಕದ ಪಟ್ಟಿ ಕೊನೆಗೊಳ್ಳುವಲ್ಲಿ ಒಂದು ಉರುಳೆ ಇರುತ್ತದೆ. ಅದರೊಳಗೆ ಉತ್ತರ ಮತ್ತು ದಕ್ಷಿಣ ಧ್ರುವಗಳು ಒಂದಾದ ಮೇಲೊಂದು ಬರುವಂತೆ ಜೋಡಿಸಿದ ಅಯಸ್ಕಾಂತಗಳು ಪಟ್ಟಿಗಿಂತ ಬಹುವೇಗವಾಗಿ ತಿರುಗುತ್ತವೆ. ಮೇಲೆ ಬಂದ ಅಲ್ಯೂಮಿನಿಯಂ ಡಬ್ಬಿಯಲ್ಲಿ ಸುಳಿ ಪ್ರವಾಹ ಹುಟ್ಟಿ, ಅದು ಮುಂದಕ್ಕೆ ಚಿಮ್ಮುತ್ತದೆ. ಪ್ಲಾಸ್ಟಿಕ್, ಗಾಜು, ಮರ ಇವು ಅಲ್ಲೇ ಕೆಳಗೆ ಬೀಳುತ್ತವೆ.

ಇಲ್ಲೊಂದು ಪ್ರಶ್ನೆ. ತಾಮ್ರದ ವಾಹಕತೆ ಅಲ್ಯೂಮಿನಿಯಮ್ಮಿನದಕ್ಕಿಂತ ಹೆಚ್ಚು. ಹಾಗಾದರೆ ಒಂದೇ ಗಾತ್ರ, ಆಕಾರದ ತುಂಡುಗಳಲ್ಲಿ ದೂರ ಹಾರುವುದು ಯಾವುದು? ಬಲವು ವಾಹಕತೆಯನ್ನು ಅವಲಂಬಿಸಿದೆ, ರಾಶಿಯು ಸಾಂದ್ರತೆಯನ್ನು. ಆದ್ದರಿಂದ ವೇಗೋತ್ಕರ್ಷವನ್ನು ನಿರ್ಧರಿಸುವುದು ಇವೆರಡರ ಅನುಪಾತ. ಎಸ್‌ಐ ಮಾನಗಳಲ್ಲಿ ಈ ಅನುಪಾತ ಅಲ್ಯೂಮಿನಿಯಮ್ಮಿಗೆ ಸುಮಾರು 14,000, ತಾಮ್ರಕ್ಕೆ ಸುಮಾರು 6,700, ಸೀಸಕ್ಕೆ ಸುಮಾರು 420. ಅಲ್ಯೂಮಿನಿಯಮ್ಮೇ ಗೆಲ್ಲುತ್ತದೆ! ಕಬ್ಬಿಣವನ್ನು ಮಾತ್ರ ಈ ಉರುಳೆಗೆ ಮೊದಲೇ ತೆಗೆದುಬಿಡಬೇಕು. ಇಲ್ಲದಿದ್ದರೆ ಅದು ಉರುಳೆಗೆ ಅಂಟಿಕೊಂಡು ಕಾದು ಹಾನಿ ಮಾಡುತ್ತದೆ. ಯಂತ್ರಗಳ ಸರದಿಗೂ ಹೀಗೆ ಭೌತಿಕ ಕಾರಣವಿದೆ.

ತತ್ವ ಹಳೆಯದಾದರೂ ಈ ಯಂತ್ರ ವ್ಯಾಪಕವಾಗಲು ಪ್ರಬಲ ಶಾಶ್ವತ ಕಾಂತಗಳು ಬೇಕಾಗಿದ್ದವು. 1980ರ ದಶಕದ ಮೊದಲಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ರೂಪುಗೊಂಡ ನಿಯೊಡಿಮಿಯಂ-ಕಬ್ಬಿಣ-ಬೋರಾನ್ ಕಾಂತಗಳು ಆ ಕೊರತೆಯನ್ನು ನೀಗಿದವು.

ಪ್ಲಾಸ್ಟಿಕ್ಕಿನ ಒಗಟು

ಪ್ಲಾಸ್ಟಿಕ್ಕುಗಳು ಕಾಂತವೂ ಅಲ್ಲ, ವಾಹಕವೂ ಅಲ್ಲ. ಸಾಂದ್ರತೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ನೀರಿನ ಬಾಟಲಿಯ ಪಿಇಟಿ ಪ್ಲಾಸ್ಟಿಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.38 ಗ್ರಾಂ, ಅದು ಮುಳುಗುತ್ತದೆ. ಮುಚ್ಚಳದ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ 0.90ರಿಂದ 0.97, ಅದು ತೇಲುತ್ತದೆ. ಬಾಟಲಿಯ ಒಂದು ಚೂರು ಮತ್ತು ಮುಚ್ಚಳವನ್ನು ಬಕೆಟ್ಟಿನ ನೀರಿಗೆ ಹಾಕಿ ತರಗತಿಯಲ್ಲೇ ಇದನ್ನು ತೋರಿಸಬಹುದು. ಆದರೆ ಪಿವಿಸಿಯ ಸಾಂದ್ರತೆಯೂ ಪಿಇಟಿಯ ಆಸುಪಾಸಿನಲ್ಲೇ ಇದೆ. ಎರಡೂ ಮುಳುಗುತ್ತವೆ. ಪಿಇಟಿಯನ್ನು ಕರಗಿಸುವಾಗ ಸ್ವಲ್ಪ ಪಿವಿಸಿ ಸೇರಿದರೂ ಇಡೀ ಸರಕು ಕೆಡುತ್ತದೆ.

ಇದಕ್ಕೆ ಉತ್ತರ ಬೆಳಕಿನಿಂದ ಬಂತು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ರೋಹಿತದಲ್ಲಿ ಕೆಂಪಿನ ಆಚೆ ಉಷ್ಣತಾಮಾಪಿಯನ್ನಿಟ್ಟು ಅವಕೆಂಪು ಕಿರಣಗಳನ್ನು ಪತ್ತೆಮಾಡಿದ್ದ. ಅಣುಗಳಲ್ಲಿನ ಬಂಧಗಳ ಕಂಪನಕ್ಕೆ ಅನುಗುಣವಾಗಿ ಪ್ರತಿ ಪ್ಲಾಸ್ಟಿಕ್ಕೂ ಈ ಕಿರಣಗಳಲ್ಲಿ ತನ್ನದೇ ತರಂಗದೂರಗಳನ್ನು ಹೀರುತ್ತದೆ. ಪಿಇಟಿ ಸುಮಾರು 1.66 ಮೈಕ್ರೊಮೀಟರಿನಲ್ಲಿ, ಪಾಲಿಎಥಿಲೀನ್ ಸುಮಾರು 1.73ರಲ್ಲಿ. ಪಟ್ಟಿಯ ಮೇಲೆ ಓಡುವ ಬಾಟಲಿಯಿಂದ ಪ್ರತಿಫಲಿಸಿದ ಕಿರಣಗಳನ್ನು ಓದಿ, ಗಾಳಿಯ ಊದುಗೊಳವೆಯಿಂದ ಅದನ್ನು ಸರಿಯಾದ ತೊಟ್ಟಿಗೆ ತಳ್ಳುವ ಯಂತ್ರಗಳು 1990ರ ದಶಕದಲ್ಲಿ ಬಳಕೆಗೆ ಬಂದವು. ಪ್ಯಾಕಿಂಗ್ ಸಾಮಗ್ರಿಗೆ ತಯಾರಕರೇ ಹೊಣೆ ಎಂದು 1991ರಲ್ಲಿ ಜರ್ಮನಿ ಕಾನೂನು ಮಾಡಿದ್ದು ಇದಕ್ಕೆ ಒತ್ತು ನೀಡಿತು. ಆದರೂ ಮಸಿಯಿಂದ ಕಪ್ಪು ಬಣ್ಣ ಬಂದ ಪ್ಲಾಸ್ಟಿಕ್ ಈ ಕಣ್ಣಿಗೆ ಕಾಣದು. ಮಸಿ ಕಿರಣಗಳನ್ನೆಲ್ಲ ನುಂಗಿಬಿಡುತ್ತದೆ.

ಬೆರಕೆ ಕಲಿಸಿದ ಪಾಠ

ಇಷ್ಟೆಲ್ಲ ಯಂತ್ರಗಳಿದ್ದ ಮೇಲೆ ಮನೆಯಲ್ಲಿ ಬೇರ್ಪಡಿಸುವ ಶ್ರಮ ಏಕೆ? ಅಮೆರಿಕದ ಒಹಾಯೊ ರಾಜ್ಯದ ಫ್ರಾಂಕ್ಲಿನ್ ಎಂಬ ಊರಿನಲ್ಲಿ 1971ರಲ್ಲಿ ಆರಂಭವಾದ ಪ್ರಾಯೋಗಿಕ ಘಟಕದಲ್ಲಿ ಬೆರಕೆ ಕಸವನ್ನೆಲ್ಲ ನೀರಿನಲ್ಲಿ ಅರೆದು, ಲೋಹ, ಗಾಜು, ಕಾಗದದ ನಾರುಗಳನ್ನು ತೆಗೆಯಲಾಯಿತು. ಯಂತ್ರ ಕೆಲಸ ಮಾಡಿತು. ಆದರೆ ಕೊಳೆತ ಆಹಾರದೊಡನೆ ಬೆರೆತ ನಾರು ಬರೆಯುವ ಕಾಗದವಾಗಲಿಲ್ಲ. ಅದು ಹೋದದ್ದು ಚಾವಣಿಗೆ ಹೊದಿಸುವ ದಪ್ಪ ಹಾಳೆಗೆ. ಒಂದು ವಸ್ತುವನ್ನು ರಾಶಿಯಿಂದ ಹೊರತೆಗೆಯಬಹುದು. ಕಳೆದುಹೋದ ಅದರ ಗುಣಮಟ್ಟವನ್ನು ಮರಳಿ ತರುವುದು ಬಹು ದುಬಾರಿ.

ನಮ್ಮ ರಾಜ್ಯದಲ್ಲಿಯೂ ಈ ಅರಿವು ಮೂಡಿದೆ. ಹಸಿಕಸ, ಒಣಕಸ, ನೈರ್ಮಲ್ಯ ತ್ಯಾಜ್ಯಗಳಿಗೆ ಎರಡು ಬುಟ್ಟಿ, ಒಂದು ಚೀಲ ಎಂಬ ಪದ್ಧತಿಯನ್ನು ಬೆಂಗಳೂರಿನಲ್ಲಿ ಕಡ್ಡಾಯಗೊಳಿಸಿ ರಾಜ್ಯದ ಉಚ್ಚ ನ್ಯಾಯಾಲಯ 2015ರಲ್ಲಿ ಆದೇಶಿಸಿತು. ಪುಬೆಲ್‌ನ ಮೂರು ಡಬ್ಬಿಗಳಿಂದ ಇಲ್ಲಿಗೆ ನೂರಮೂವತ್ತು ವರ್ಷ! ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಂದೆಡೆ ತಂದು ವಿಂಗಡಿಸುವ ಘಟಕವಿದೆ. ಒಂದು ಹಳ್ಳಿಯ ಕಸ ಯಂತ್ರಕ್ಕೆ ಸಾಲದು; ಹಲವು ಹಳ್ಳಿಗಳದ್ದು ಸೇರಿದರೆ ಸಾಕಾಗುತ್ತದೆ.

ಯಂತ್ರಗಳ ಸಾಲು ಎಷ್ಟೇ ಉದ್ದವಿರಲಿ, ಪಟ್ಟಿಯ ಪಕ್ಕದಲ್ಲಿ ಮನುಷ್ಯರು ನಿಂತಿರುತ್ತಾರೆ. ಕಾಂತಕ್ಕೂ ಬೆಳಕಿಗೂ ಸಿಗದೆ ಉಳಿದದ್ದನ್ನು ಅವರು ಕೈಯಿಂದ ಆರಿಸುತ್ತಾರೆ. ಒಣಕಸದಲ್ಲಿ ಒಡೆದ ಗಾಜು, ಸೂಜಿ, ಹಳಸಿದ ಅನ್ನ ಸೇರಿದ್ದರೆ ಅದು ತಲುಪುವುದು ಅವರ ಬೆರಳಿಗೆ. ಯಾವ ವಸ್ತು ಯಾವುದು ಎಂಬುದು ಕಸ ಬುಟ್ಟಿಗೆ ಬೀಳುವ ಮುನ್ನ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಗುರುತಿಸಲು ಆಗ ಅಯಸ್ಕಾಂತವಾಗಲಿ, ಅವಕೆಂಪು ಕಿರಣವಾಗಲಿ ಬೇಕಾಗುವುದಿಲ್ಲ.