ಪಾಠ ಮುಗಿದ ಮೇಲೆ

ಹಿಟ್ಲರನ ಪಾಠ ಮುಗಿಸಿ ಪುಸ್ತಕ ಮಡಚುವಾಗ ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗಿ ಕೇಳುತ್ತಾಳೆ: "ಆಮೇಲೆ ಜರ್ಮನಿಯ ಜನ ಏನು ಮಾಡಿದರು, ಮಿಸ್?" ದೇಶ ಇಬ್ಭಾಗವಾಯಿತು, 1990ರಲ್ಲಿ ಮತ್ತೆ ಒಂದಾಯಿತು ಎಂದು ಹೇಳಿ ನಾನು ಹಾಜರಿ ಪುಸ್ತಕ ಎತ್ತಿಕೊಳ್ಳುತ್ತಿದ್ದೆ. ಅವಳು ಕೇಳಿದ್ದು ಜನರನ್ನು, ನಾನು ಹೇಳಿದ್ದು ದೇಶವನ್ನು.

ಹ್ಯಾಂಬರ್ಗಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಈಚೆಗೆ ಒಂದು ಹಾಡು ಕಳಿಸಿದಳು. "ಕೇಳು ದೊಡ್ಡಮ್ಮ, ಹಾಡಿರುವವಳು ನಿನಗಿಂತ ದೊಡ್ಡವಳು" ಎಂದಳು. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದೆ. ಸುಳ್ಳೇಕೆ, ಆ ಸದ್ದಿಗೆ ನನ್ನ ಕಿವಿ ಒಗ್ಗಲಿಲ್ಲ.

ಹಾಡಿದವಳು ಆನ್ಯಾ ಹೂವೆ. 1980ರಲ್ಲಿ ಹ್ಯಾಂಬರ್ಗಿನ ಐವರು ಹುಡುಗಿಯರು ಕಟ್ಟಿದ 'ಎಕ್ಸ್‌ಮಾಲ್ ಡಾಯ್ಚ್‌ಲಾಂಡ್' ತಂಡದ ಗಾಯಕಿ. ಆಗ ಗಿಟಾರು, ಡ್ರಮ್ಮು ಎಲ್ಲವೂ ಹುಡುಗಿಯರ ಕೈಯಲ್ಲೇ. ಅವರ ಸಂಗೀತವನ್ನು ಗಾಥಿಕ್ ರಾಕ್ ಎನ್ನುತ್ತಾರೆ. ಗಾಥಿಕ್ ಎಂಬುದು ಮೊದಲಿಗೆ ಬೈಗುಳ. 410ರಲ್ಲಿ ರೋಮನ್ನು ಸೂರೆಮಾಡಿದ ಗಾಥರ ಹೆಸರನ್ನು ಇಟಲಿಯ ಪಂಡಿತರು ಸಾವಿರ ವರ್ಷದ ಮೇಲೆ ಚೂಪು ಕಮಾನಿನ ಚರ್ಚುಗಳಿಗೆ ಅಂಟಿಸಿದರು, ಅನಾಗರಿಕ ಎಂಬ ಅರ್ಥದಲ್ಲಿ. ಆಮೇಲೆ ಆ ಹೆಸರು ಭೂತಬಂಗಲೆಯ ಕಥೆಗಳಿಗೆ ಬಂತು, ಕೊನೆಗೆ ಕಪ್ಪು ಬಟ್ಟೆ ತೊಟ್ಟು ಹಾಡುವವರಿಗೆ. (ಹಬ್ಬಕ್ಕೆ ಕಪ್ಪು ಸೀರೆ ಉಟ್ಟರೆ ನಮ್ಮತ್ತೆ ಮಾತೇ ಬಿಡುತ್ತಿದ್ದರು.)

ಹ್ಯಾಂಬರ್ಗಿಗೆ ಆ ಕಪ್ಪು ಹೊರಗಿನಿಂದ ಬರಬೇಕಾಗಿರಲಿಲ್ಲ. 1943ರ ಜುಲೈ ಕೊನೆಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಸುರಿದ ಬಾಂಬಿಗೆ ಬೆಂಕಿಯೇ ಬಿರುಗಾಳಿಯಾಗಿ, 30,000ಕ್ಕೂ ಹೆಚ್ಚು ಜನ ಸತ್ತರು. ಗಾಥಿಕ್ ಶೈಲಿಯ ಸಂತ ನಿಕೊಲಾಯ್ ಚರ್ಚು ಬಿತ್ತು. 147 ಮೀಟರಿನ ಗೋಪುರ ಮಾತ್ರ ನಿಂತಿತು. ಚರ್ಚನ್ನು ಮತ್ತೆ ಕಟ್ಟಲಿಲ್ಲ. ಕರ್ರಗಾದ ಗೋಪುರ ಈಗಲೂ ಊರ ನಡುವೆ ಸ್ಮಾರಕವಾಗಿ ನಿಂತಿದೆ. ಯುದ್ಧ ಮುಗಿದ ಮೇಲೆ ಹುಟ್ಟಿದ ಆ ಹುಡುಗಿಯರು ಅದನ್ನು ನೋಡಿಕೊಂಡೇ ಬೆಳೆದಿರಬೇಕು. ತಮ್ಮ ಮನೆಯ ಹಿರಿಯರನ್ನು ಏನೇನು ಕೇಳಿದರೋ, ಯಾವುದಕ್ಕೆ ಉತ್ತರ ಸಿಕ್ಕಿತೋ.

ಅವರ ಮೊದಲ ಆಲ್ಬಂ 'ಫೆಟಿಷ್' 1983ರಲ್ಲಿ ಬಂದದ್ದು ಲಂಡನ್ನಿನ ಕಂಪನಿಯಿಂದ. ಆದರೂ ಹಾಡಿದ್ದು ಜರ್ಮನ್ ಭಾಷೆಯಲ್ಲೇ. ಇಂಗ್ಲಿಷರಿಗೆ ಅರ್ಥವಾಗದಿದ್ದರೂ ಕೇಳಿದರು. ಮುಂದೆ ಮೂರು ಆಲ್ಬಂ ಬಂದವು, ತಂಡದಲ್ಲಿ ಜನ ಬದಲಾದರು, 1990ರ ಹೊತ್ತಿಗೆ ಎಲ್ಲ ನಿಂತಿತು. ಆನ್ಯಾ ಚಿತ್ರ ಬರೆಯಲು ಕುಳಿತಳು. ಮೂವತ್ತಕ್ಕೂ ಹೆಚ್ಚು ವರ್ಷ ತನ್ನದೊಂದು ಆಲ್ಬಂ ಮಾಡಲಿಲ್ಲ. ಇಲ್ಲಿಗೆ ಬಂದಾಗ ನಾನು ಅಟ್ಟದ ಕಡೆ ನೋಡಿದೆ. ನನ್ನ ಹಾರ್ಮೋನಿಯಂ ಅಲ್ಲಿಗೆ ಹೋಗಿ ಇಪ್ಪತ್ತೆಂಟು ವರ್ಷ. ಯಾರೂ ಬೇಡವೆಂದಿರಲಿಲ್ಲ, ಬಾರಿಸು ಎಂದೂ ಯಾರೂ ಅನ್ನಲಿಲ್ಲ.

2024ರ ಮಾರ್ಚ್ 8ರಂದು ಅವಳ 'ಕೋಡ್ಸ್' ಬಂತು. ಹಳೆಯ ಗೆಳತಿ ಮಾನುವೆಲಾ ರಿಕರ್ಸ್ ಅದರಲ್ಲಿ ಗಿಟಾರ್ ನುಡಿಸಿದ್ದಾಳೆ. ಅದಕ್ಕೆ ಪ್ರೇರಣೆ ಒಬ್ಬ ಹುಡುಗನ ಟಿಪ್ಪಣಿಗಳು. 1942ರಲ್ಲಿ, 17ರ ವಯಸ್ಸಿನಲ್ಲಿ, ಅವನು ಮನೆ ಬಿಟ್ಟು ಬೆಲರೂಸಿನ ಕಾಡು ಸೇರಿ ನಾಜಿಗಳ ವಿರುದ್ಧ ಹೋರಾಡುವ ಗುಂಪಿನವನಾದ. ಅಂದರೆ ಅವಳದೇ ದೇಶದ ಸೈನ್ಯದ ವಿರುದ್ಧ. ಇಷ್ಟು ತಿಳಿದ ಮೇಲೆ ಹಾಡನ್ನು ಪೂರ್ತಿ ಕೇಳಿದೆ. ಭಾಷೆ ತಿಳಿಯದು. ಅವಸರವಿಲ್ಲದ ಧ್ವನಿ.

ಈ ವರ್ಷವೂ ಆ ಪ್ರಶ್ನೆ ಬಂತು, ಮೂರನೇ ಬೆಂಚಿನಿಂದ. ಹಾಜರಿ ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು, ಕಪ್ಪುಹಲಗೆಯ ಮೇಲೆ ಒಂದು ಚೂಪು ಗೋಪುರ ಬರೆದೆ. ಐವರು ಹುಡುಗಿಯರ ತನಕ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. "ಐದು ನಿಮಿಷ ಸಾರ್" ಎಂದೆ.