ಕ್ಷಿಪ್ರ ಕ್ಷ-ಕಿರಣ ಚಿತ್ರಣ: ಉತ್ಪನ್ನದ ಪರೀಕ್ಷೆಯಿಂದ ಪ್ರಕ್ರಿಯೆಯ ದರ್ಶನದವರೆಗೆ

1895ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಕೆಲವೇ ತಿಂಗಳುಗಳಲ್ಲಿ ಅವು ವೈದ್ಯರ ಸಾಧನವಾದವು. ಮುಂದೆ ಎರಕ ಮತ್ತು ಬೆಸುಗೆಗಳ ಒಳದೋಷಗಳನ್ನು ಪತ್ತೆಹಚ್ಚಲು ಕಾರ್ಖಾನೆಗಳೂ ಅವುಗಳನ್ನು ಅವಲಂಬಿಸಿದವು. ಆದರೆ ಈ ಪರೀಕ್ಷೆ ಸಿದ್ಧವಸ್ತುವಿಗೆ ಸೀಮಿತವಾಗಿತ್ತು. ದೋಷ ಇದೆಯೆಂಬುದನ್ನು ಅದು ತೋರಿಸುತ್ತಿತ್ತೇ ಹೊರತು ದೋಷ ಹುಟ್ಟಿದ ಬಗೆಯನ್ನಲ್ಲ. ಈ ಮಿತಿಯನ್ನು ದಾಟಿದ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲ ಹೆಜ್ಜೆಯನ್ನು 1938ರಲ್ಲಿ ಕಾಣಬಹುದು. ಜರ್ಮನಿಯ ಸೀಮೆನ್ಸ್ ಸಂಸ್ಥೆಯಲ್ಲಿ ಮ್ಯಾಕ್ಸ್ ಸ್ಟೀನ್‌ಬೆಕ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕಿಂಗ್ಡನ್ ಮತ್ತು ಟ್ಯಾನಿಸ್, ಧಾರಕದಲ್ಲಿ ಸಂಗ್ರಹಿಸಿದ ವಿದ್ಯುತ್ತನ್ನು ಒಮ್ಮೆಲೇ ಹರಿಸಿ ಅತ್ಯಲ್ಪಕಾಲದ ಕ್ಷ-ಕಿರಣ ಮಿಂಚನ್ನು ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಗುಂಡಿನ ಆಘಾತ, ಸ್ಫೋಟಗಳ ಅಧ್ಯಯನಕ್ಕೆ ಈ ವಿಧಾನ ಒದಗಿತು. ಆದರೆ ಒಂದು ಮಿಂಚಿಗೆ ದೊರೆಯುತ್ತಿದ್ದುದು ಒಂದೇ ಚಿತ್ರ. ಪ್ರಕ್ರಿಯೆಯನ್ನು ಅರಿಯಲು ಚಿತ್ರಗಳ ಸರಣಿಯೇ ಬೇಕಿತ್ತು.

ಅದನ್ನು ಸಾಧ್ಯವಾಗಿಸಿದ್ದು ಸಿಂಕ್ರೊಟ್ರಾನ್ ವಿಕಿರಣ. 1947ರಲ್ಲಿ ಅಮೆರಿಕದ ಸ್ಕೆನೆಕ್ಟಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಬೆಳಕು ವೇಗವರ್ಧಕ ಯಂತ್ರಗಳ ಶಕ್ತಿನಷ್ಟವೆಂದೇ ಪರಿಗಣಿತವಾಗಿತ್ತು. ಅದನ್ನೇ ಉದ್ದೇಶವಾಗಿಟ್ಟುಕೊಂಡ ಬೃಹತ್ ಕೇಂದ್ರಗಳು 1990ರ ದಶಕದಲ್ಲಿ ಫ್ರಾನ್ಸಿನ ಗ್ರೆನೋಬಲ್ ಮತ್ತು ಅಮೆರಿಕದ ಆರ್ಗಾನ್‌ಗಳಲ್ಲಿ ಕಾರ್ಯಾರಂಭ ಮಾಡಿದವು. ಪ್ರಖರ ಕಿರಣಪುಂಜಕ್ಕೆ ಅತಿವೇಗದ ಕ್ಯಾಮೆರಾ ಜೊತೆಗೂಡಿದಾಗ ಸೆಕೆಂಡಿಗೆ ಸಹಸ್ರಾರು ಚಿತ್ರಗಳು ಲಭ್ಯವಾದವು.

ಇದರ ಫಲ ಎರಡು ನಿದರ್ಶನಗಳಿಂದ ಸ್ಪಷ್ಟವಾಗುತ್ತದೆ. ಡೀಸೆಲ್ ಎಂಜಿನ್ನಿನ ಇಂಧನ ತುಂತುರು ಸಾಮಾನ್ಯ ಬೆಳಕನ್ನು ಚದುರಿಸುವುದರಿಂದ ಅದರ ಒಡಲು ಅಗೋಚರವಾಗಿತ್ತು. 2002ರಲ್ಲಿ ಪ್ರಕಟವಾದ ಕ್ಷ-ಕಿರಣ ಅಧ್ಯಯನವು ಆ ತುಂತುರು ಸುತ್ತಣ ಅನಿಲದಲ್ಲಿ ಆಘಾತ ತರಂಗಗಳನ್ನೇ ಎಬ್ಬಿಸುವುದನ್ನು ತೋರಿಸಿತು. ಎರಡನೆಯದು, ಲೋಹದ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ ಬಿಡಿಭಾಗಗಳನ್ನು ರೂಪಿಸುವ ವಿಧಾನ. ಲೇಸರ್ ಬಿದ್ದೆಡೆ ಲೋಹ ಆವಿಯಾಗಿ, ಆವಿಯ ಒತ್ತಡದಿಂದ ದ್ರವದಲ್ಲಿ ಆಳವಾದ ಕುಳಿ ಏರ್ಪಡುತ್ತದೆ. ಕುಳಿಯ ತುದಿ ಅಸ್ಥಿರಗೊಂಡು ಕಳಚಿದರೆ ಗುಳ್ಳೆಯೊಂದು ಘನಲೋಹದಲ್ಲಿ ರಂಧ್ರವಾಗಿ ಉಳಿಯುತ್ತದೆ. ವಿಮಾನದ ಭಾಗಗಳಲ್ಲಿ ಬಿರುಕು ಇಂತಹ ರಂಧ್ರದಿಂದಲೇ ಆರಂಭವಾಗಬಲ್ಲದು. ಆರ್ಗಾನ್ ಕೇಂದ್ರದಲ್ಲಿ ನಡೆದು 2019 ಮತ್ತು 2020ರಲ್ಲಿ ಪ್ರಕಟವಾದ ಅಧ್ಯಯನಗಳು ಟೈಟೇನಿಯಂ ಮಿಶ್ರಲೋಹದಲ್ಲಿ ಈ ಕುಳಿಯ ಉಗಮವನ್ನೂ ರಂಧ್ರದ ಜನನವನ್ನೂ ನೇರವಾಗಿ ದಾಖಲಿಸಿದವು.

ಪ್ರಯೋಗದ ಮಾದರಿಗಳು ತೆಳುವಾದವು. ಅಲ್ಲಿನ ಫಲಿತಗಳನ್ನು ಕಾರ್ಖಾನೆಗೆ ಅನ್ವಯಿಸುವಲ್ಲಿ ಎಚ್ಚರ ಅಗತ್ಯ. ಆದರೂ ದೋಷಯುಕ್ತ ವಸ್ತುವನ್ನು ತಿರಸ್ಕರಿಸುವ ಕ್ರಮದಿಂದ ದೋಷದ ಕಾರಣವನ್ನೇ ನಿವಾರಿಸುವ ಕ್ರಮಕ್ಕೆ ಈ ವಿಧಾನ ದಾರಿ ತೆರೆದಿದೆ. ಇದರ ಚಾರಿತ್ರಿಕ ಮಹತ್ವವೂ ಅದೇ.